32ರಲ್ಲಿ ನಮ್ಮ ಚಿಕ್ಕಮ್ಮನ ಬೆನ್ನು ಎಲ್ಲಿದೆ? ಪಿಂಚಣಿ ತಿರಸ್ಕರಿಸಿದವರಿಗೆ ಒಂದು ಬಹಿರಂಗ ಪತ್ರ

ಅಂಗವಿಕಲತೆಯ ಶೇಕಡಾ ಬರೆಯುವ ವೈದ್ಯರಿಗೆ, ಅದನ್ನು ನೋಡಿ ಪಿಂಚಣಿ ಮಂಜೂರು ಮಾಡುವ ಕಂದಾಯ ಇಲಾಖೆಯವರಿಗೆ, ಮತ್ತು ಇವರಿಬ್ಬರ ಮೇಲೂ ಕಣ್ಣಿಡಬೇಕಾದ ರಾಜ್ಯ ಅಂಗವಿಕಲರ ಆಯುಕ್ತರಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಚಿಕ್ಕಮ್ಮನ ಪಿಂಚಣಿ ಅರ್ಜಿ ತಿರಸ್ಕಾರವಾಗಿದೆ. ಕಂಪ್ಯೂಟರಿನಲ್ಲಿ ಕಾರಣ ಅಂತ ಇರುವುದು ಎರಡೇ ಪದ: ಅರ್ಹತೆ ಇಲ್ಲ. ಯಾಕೆ ಅಂತ ಕೇಳಿದರೆ ಕೌಂಟರಿನಲ್ಲಿ ಕೂತಿದ್ದವರು ತಲೆ ಎತ್ತದೆ ಹೇಳಿದರು, "ಸರ್ಟಿಫಿಕೇಟಲ್ಲಿ 32 ಪರ್ಸೆಂಟ್ ಇದೆ, 40 ಬೇಕು."

40 ಬೇಕು ಅನ್ನುವುದು ನನಗೂ ಗೊತ್ತಿತ್ತು. ಗೊತ್ತಿದ್ದೂ ಅರ್ಜಿ ಹಾಕಿಸಿದೆ. ಯಾಕೆಂದರೆ ತಿರಸ್ಕಾರ ಕಾಗದದ ಮೇಲೆ ಬರುವ ತನಕ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. "ಆಗಲ್ಲ ಹೋಗಮ್ಮ" ಅಂತ ಬಾಯಲ್ಲಿ ಹೇಳಿದ್ದರ ಮೇಲೆ ಯಾರೂ ಮೇಲ್ಮನವಿ ಹಾಕಲು ಆಗುವುದಿಲ್ಲ. ಈ ಜಿಲ್ಲೆಯಲ್ಲಿ ಎಷ್ಟೋ ಜನರ ಪಿಂಚಣಿ ಹೀಗೆ ಬಾಯಿಮಾತಿನಲ್ಲೇ ಸತ್ತುಹೋಗುತ್ತದೆ. ಅರ್ಜಿಯೇ ಇರುವುದಿಲ್ಲ, ಹಾಗಾಗಿ ತಿರಸ್ಕಾರವೂ ಇರುವುದಿಲ್ಲ, ಲೆಕ್ಕದಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಚಿಕ್ಕಬಳ್ಳಾಪುರ ಜಿಲ್ಲೆಯ ಆಂಧ್ರ ಗಡಿ ಕಡೆ ಒಂದು ಸಣ್ಣ ಊರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಅರ್ಜಿ ತುಂಬುವುದು, ಫೋಟೋ ಅಪ್‌ಲೋಡ್ ಮಾಡುವುದು, ಪಹಣಿ ತೆಗೆದುಕೊಡುವುದು ನನ್ನ ಕೆಲಸ. ತಿರಸ್ಕಾರವಾದ ಅರ್ಜಿ ಮತ್ತೆ ನನ್ನ ಅಂಗಡಿಗೇ ಬರುತ್ತದೆ, ಮತ್ತೆ ಹಾಕಿದರೆ ಮತ್ತೆ ದುಡ್ಡು. ಅಂದರೆ ನೀವು ತಿರಸ್ಕರಿಸಿದಷ್ಟೂ ನನಗೆ ಲಾಭ, ಆದರೂ ಈ ಪತ್ರ ಬರೆಯುತ್ತಿದ್ದೇನೆ. ಯಾವ ಕಚೇರಿ, ಯಾವ ಆಸ್ಪತ್ರೆ ಅನ್ನುವುದನ್ನು ಇಲ್ಲಿ ಹಾಕುವುದಿಲ್ಲ. ಅದೆಲ್ಲ ಮೇಲ್ಮನವಿಯಲ್ಲಿದೆ. ಒಬ್ಬ ಡಾಕ್ಟರನ್ನು ಸಸ್ಪೆಂಡ್ ಮಾಡಿಸುವ ಆಸೆ ನನಗಿಲ್ಲ. ಅವರ ಮುಂದೆ ಅವತ್ತು ನಿಂತಿದ್ದ ಸಾಲು ನಾನೂ ನೋಡಿದ್ದೇನೆ.

ಈಗ ಚಿಕ್ಕಮ್ಮನ ವಿಷಯ. ವಯಸ್ಸು 54. ಹಿಪ್ಪುನೇರಳೆ ಸೊಪ್ಪು ಕೊಯ್ದವಳು, ಕಡಲೆಕಾಯಿ ಕಿತ್ತವಳು, ಕೂಲಿ ಬಿಟ್ಟು ಬೇರೆ ಗೊತ್ತಿಲ್ಲದವಳು. ಈಗ ಅವಳಿಗೆ ಕುತ್ತಿಗೆ ತಿರುಗುವುದಿಲ್ಲ. ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು. ಕೈ ತಲೆಯ ಹಿಂದಕ್ಕೆ ಹೋಗುವುದಿಲ್ಲ, ಜಡೆ ಹಾಕುವುದು ಸೊಸೆ. ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ ಅಂದರೆ ಹಳ್ಳಿಯಲ್ಲಿ ಅದರ ಅರ್ಥ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಮುಂದೆ ಕೂರಲಾರಳು, ಕಳೆ ತೆಗೆಯಲಾರಳು, ಸರ್ಕಾರವೇ ಕಟ್ಟಿಸಿಕೊಟ್ಟ ಶೌಚಾಲಯದಲ್ಲೂ ಕೂರಲಾರಳು. ಮುದ್ದೆ ತಿರುವುವುದನ್ನು ಬಿಟ್ಟು ಬಹಳ ದಿನವಾಯಿತು. ಅವಳ ಮಾತಿನಲ್ಲೇ ಹೇಳುವುದಾದರೆ, "ಮೈಯೆಲ್ಲಾ ಕಟ್ಟಿಗೆ ಆಗೋಗದೆ."

ಇದು ವಯಸ್ಸಿನ ವಾತ ಅಲ್ಲ. ಇದು ಫ್ಲೋರೋಸಿಸ್. ಕುಡಿಯುವ ನೀರಿನ ಫ್ಲೋರೈಡ್ ವರ್ಷಗಟ್ಟಲೆ ಮೂಳೆಗೆ ಸೇರಿ, ಬೆನ್ನುಮೂಳೆಯನ್ನು ಹಿಡಿದಿರುವ ತಂತುಗಳೇ ಗಟ್ಟಿಯಾಗಿ ಮೂಳೆಯಂತಾಗುವ ಕಾಯಿಲೆ. ಬೆಂಗಳೂರಿನಲ್ಲಿ ಎಕ್ಸ್‌ರೇ ತೆಗೆಸಿದಾಗ ಬೆನ್ನಿನದ್ದೂ ಮುಂದೋಳಿನದ್ದೂ ತೆಗೆದರು. ಮುಂದೋಳು ಯಾಕೆ ಅಂತ ನಾವು ಕೇಳಿದೆವು. ಮುಂದೋಳಿನ ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿರುವುದು ಕಂಡರೆ ಫ್ಲೋರೋಸಿಸ್ ಅನ್ನುವುದಕ್ಕೆ ಅದು ದೊಡ್ಡ ಗುರುತು ಅಂತ ಅಲ್ಲಿನವರು ವಿವರಿಸಿದರು. ವರದಿಯಲ್ಲಿ ಎರಡೂ ಇದೆ. ಈಗ ಆಗಿರುವುದು ವಾಪಸ್ ಹೋಗುವಂಥದ್ದಲ್ಲ ಅನ್ನುವುದೂ ಇದೆ.

ಆ ವರದಿಯ ಕವರು ಹಿಡಿದುಕೊಂಡೇ ಬೋರ್ಡ್ ಮುಂದೆ, ಅಂದರೆ ಶೇಕಡಾ ಅಳೆದು ಸರ್ಟಿಫಿಕೇಟ್ ಕೊಡುವ ಆಸ್ಪತ್ರೆಯ ಡಾಕ್ಟರುಗಳ ಮುಂದೆ ಹೋದದ್ದು. ಕವರು ಯಾರೂ ತೆರೆಯಲಿಲ್ಲ. ಡಾಕ್ಟರು ಮೊಣಕಾಲು ಮಡಿಸಿ ನೋಡಿದರು, ಇನ್ನೊಂದು ಮಡಿಸಿ ನೋಡಿದರು, ನಡೆಯಮ್ಮ ಅಂದರು, ಬರೆದರು. ಹೊರಗೆ ಬಂದಮೇಲೆ ಚಿಕ್ಕಮ್ಮ ಕೇಳಿದ್ದು ಒಂದೇ, "ಬೆನ್ನು ನೋಡ್ಲೇ ಇಲ್ವಲ್ಲೋ?"

ಸರ್ಟಿಫಿಕೇಟಿನಲ್ಲಿ ದೇಹದ ಯಾವ ಭಾಗಕ್ಕೆ ಈ ಶೇಕಡಾ ಅಂತ ಬರೆಯಲು ಜಾಗ ಇರುತ್ತದೆ. ಅಲ್ಲಿ ಬರೆದಿರುವುದು ಎರಡೂ ಮೊಣಕಾಲು. ಅಷ್ಟೇ. ಬೆನ್ನು ಇಲ್ಲ, ಕುತ್ತಿಗೆ ಇಲ್ಲ, ಭುಜ ಇಲ್ಲ. ಅಂದರೆ 32 ಅನ್ನುವುದು ನಮ್ಮ ಚಿಕ್ಕಮ್ಮನ ಅಂಗವಿಕಲತೆಯಲ್ಲ, ಅವಳ ಮೊಣಕಾಲುಗಳ ಅಂಗವಿಕಲತೆ. ಮಿಕ್ಕ ಮೈಗೆ ಅವತ್ತು ಅಳತೆಯೇ ಆಗಿಲ್ಲ.

ಇದು ಭಾವನೆಯ ಮಾತು ಅನ್ನಿಸಿದರೆ ಲೆಕ್ಕಕ್ಕೇ ಬನ್ನಿ. ನಾನು ಡಾಕ್ಟರಲ್ಲ, ಆದರೆ ಅಂಗಡಿಯಲ್ಲಿ ಪ್ರಿಂಟರ್ ಇದೆ, ಕೇಂದ್ರ ಸರ್ಕಾರ ಹೊರಡಿಸಿದ ಅಳತೆಯ ಮಾರ್ಗಸೂಚಿಯನ್ನು ಪ್ರಿಂಟ್ ಹಾಕಿಕೊಂಡು ಕೂತು ಓದಿದೆ. ಚಲನೆಯ ಅಂಗವಿಕಲತೆಯಲ್ಲಿ ಬೆನ್ನುಮೂಳೆಗೆ ಬೇರೆಯೇ ಅಳತೆ ಇದೆ. ದೇಹದಲ್ಲಿ ಒಂದಕ್ಕಿಂತ ಜಾಸ್ತಿ ಕಡೆ ತೊಂದರೆ ಇದ್ದರೆ ಸುಮ್ನೆ ಕೂಡಿಸುವ ಹಾಗಿಲ್ಲ, ಅದಕ್ಕೊಂದು ಸೂತ್ರ ಇದೆ. ದೊಡ್ಡ ಅಂಕಿಯನ್ನು ಹಾಗೇ ಇಟ್ಟುಕೊಳ್ಳಬೇಕು. 90ರಲ್ಲಿ ಆ ದೊಡ್ಡ ಅಂಕಿಯನ್ನು ಕಳೆದು, ಬಂದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಅದನ್ನು ದೊಡ್ಡ ಅಂಕಿಗೆ ಸೇರಿಸಬೇಕು. ಮೊಣಕಾಲಿಗೆ ನೀವೇ ಕೊಟ್ಟ 32 ಇದೆ. 90ರಲ್ಲಿ 32 ಕಳೆದರೆ 58. ಈಗ ಬೆನ್ನಿಗೆ 13 ಅಂತ ಇಟ್ಟುಕೊಳ್ಳಿ. 58ನ್ನು 13ರಿಂದ ಗುಣಿಸಿದರೆ 754, ಭಾಗಿಸು 90, ಎಂಟು ಚಿಲ್ಲರೆ. 32ಕ್ಕೆ ಎಂಟು ಚಿಲ್ಲರೆ ಸೇರಿದರೆ 40 ದಾಟಿತು.

ಬರೀ 13. ಬಗ್ಗಲು ಆಗದ, ತಿರುಗಲು ಆಗದ ಬೆನ್ನಿಗೆ 13 ಕೊಟ್ಟರೂ ಸಾಕಿತ್ತು. ಎಷ್ಟು ಕೊಡಬೇಕು ಅನ್ನುವುದು ವೈದ್ಯರ ತೀರ್ಮಾನ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ನೋಡಿ 10 ಕೊಟ್ಟಿದ್ದರೆ ಅದರ ಮೇಲೆ ವಾದ ಮಾಡಬಹುದಿತ್ತು. ನೋಡದೇ ಇದ್ದದ್ದಕ್ಕೆ ಏನು ವಾದ ಮಾಡುವುದು?

ಫ್ಲೋರೋಸಿಸ್ ಗುರುತಿಸಲು ಕೇಂದ್ರ ಸರ್ಕಾರದ್ದೇ ಒಂದು ಕಾರ್ಯಕ್ರಮ 2008-09ರಿಂದ ಇದೆ. ಅದರಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರೂ ಮಾಡಬಹುದಾದ ಮೂರು ಪರೀಕ್ಷೆ ಹೇಳುತ್ತಾರೆ. ಮಂಡಿ ಮಡಿಸದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತುವುದು. ಗಲ್ಲವನ್ನು ಎದೆಗೆ ತಾಗಿಸುವುದು. ಎರಡೂ ಕೈಯನ್ನು ತಲೆಯ ಹಿಂದೆ ಇಡುವುದು. ಯಂತ್ರ ಬೇಡ, ರಕ್ತ ಬೇಡ, ಎರಡು ನಿಮಿಷ ಸಾಕು. ಇದು ಶೇಕಡಾ ಅಳೆಯುವ ಪರೀಕ್ಷೆಯಲ್ಲ ನಿಜ. ಆದರೆ ಮೂರರಲ್ಲೂ ಫೇಲಾದವಳನ್ನು ಕಣ್ಣಾರೆ ನೋಡಿದ್ದರೆ "ಬರೀ ಮೊಣಕಾಲು" ಅಂತ ಬರೆಯಲು ಯಾರಿಗೂ ಕೈ ಬರುತ್ತಿರಲಿಲ್ಲ.

ಹೋಗಲಿ, 32 ಬರೆದು ಏನು ಕೊಟ್ಟಿರಿ? ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. 40ಕ್ಕಿಂತ ಕಡಿಮೆಯವರಿಗೆ ಬಿಳಿ, 40 ದಾಟಿದವರಿಗೆ ಹಳದಿ, 80 ದಾಟಿದವರಿಗೆ ನೀಲಿ. ಚಿಕ್ಕಮ್ಮನದು ಬಿಳಿ. ಪಿಂಚಣಿಗೆ ಬರುವುದಿಲ್ಲ, ಮೀಸಲಾತಿಗೆ ಬರುವುದಿಲ್ಲ. ಇಲ್ಲ ಅನ್ನುವುದನ್ನೇ ಫೋಟೋ ಹಾಕಿ ಲ್ಯಾಮಿನೇಷನ್ ಮಾಡಿ ಕೊಟ್ಟಿದ್ದಾರೆ, ಅಷ್ಟೇ. ಬಸ್ಸಿಗಂತೂ ಶಕ್ತಿ ಯೋಜನೆ ಇದೆ, ಟಿಕೆಟ್ ಬೇಕಾಗಿಲ್ಲ. ಆದರೆ ಮೆಟ್ಟಿಲು ಹತ್ತಬೇಕಲ್ಲ?

ಇನ್ನು ಓಡಾಟದ ಕಥೆ. ಕಂದಾಯದವರನ್ನು ಕೇಳಿದರೆ, ನಾವು ಸರ್ಟಿಫಿಕೇಟ್ ನೋಡ್ತೀವಿ, ಬೆನ್ನು ನೋಡಲ್ಲ, ಆಸ್ಪತ್ರೆಗೆ ಹೋಗಿ. ಆಸ್ಪತ್ರೆಯಲ್ಲಿ ಕೇಳಿದರೆ, ಪಿಂಚಣಿ ನಮ್ಮ ಕೆಲಸ ಅಲ್ಲ, ತಾಲ್ಲೂಕು ಆಫೀಸಿಗೆ ಹೋಗಿ. ಇಬ್ಬರೂ ಹೇಳುವುದು ಸುಳ್ಳಲ್ಲ, ಅದೇ ಇದರಲ್ಲಿರುವ ತಮಾಷೆ. ಒಬ್ಬರು ಅಂಕಿ ಬರೆಯುತ್ತಾರೆ, ಅದರಿಂದ ಏನಾಯಿತು ಅಂತ ಅವರು ನೋಡಬೇಕಾಗಿಲ್ಲ. ಇನ್ನೊಬ್ಬರು ಪಿಂಚಣಿ ನಿಲ್ಲಿಸುತ್ತಾರೆ, ಅಂಕಿ ಎಲ್ಲಿಂದ ಬಂತು ಅಂತ ಅವರು ನೋಡಬೇಕಾಗಿಲ್ಲ. ನಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ., ಅಂದರೆ ಅಂಗವಿಕಲರಿಗೆ ನೆರವಾಗಲು ಇರುವ ಕಾರ್ಯಕರ್ತರು, ಪಾಪ, ಅವರೂ ಅಂಗವಿಕಲರೇ, ನಮಗಿಂತ ಜಾಸ್ತಿ ಓಡಾಡಿದ್ದಾರೆ. ಅವರು ಹೇಳಿದ್ದರಿಂದಲೇ ಎರಡು ಕಡೆ ಎರಡು ಬೇರೆ ಬೇರೆ ಮೇಲ್ಮನವಿ ಹಾಕಬೇಕು ಅಂತ ಗೊತ್ತಾಯಿತು.

ಇದನ್ನು ಓದುತ್ತಿರುವ ಬೇರೆಯವರಿಗೂ ಉಪಯೋಗವಾಗಲಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 58ನೇ ಸೆಕ್ಷನ್ ಪ್ರಮಾಣಪತ್ರ ಕೊಡುವ ಬಗ್ಗೆ ಹೇಳುತ್ತದೆ, 59 ಅದರ ಮೇಲೆ ಮೇಲ್ಮನವಿ ಹಾಕುವ ಹಕ್ಕು ಕೊಡುತ್ತದೆ. ಶೇಕಡಾ ತಪ್ಪಾಗಿದೆ ಅನ್ನುವ ಜಗಳ ಅಲ್ಲಿಗೆ ಹೋಗಬೇಕು. ಪಿಂಚಣಿ ಅರ್ಜಿ ತಿರಸ್ಕಾರವಾದದ್ದರ ಜಗಳ ಬೇರೆ, ಅದು ಸರ್ಕಾರಿ ಸೇವೆಯನ್ನು ಹೊತ್ತಿಗೆ ಸರಿಯಾಗಿ ಕೊಡಿಸಲು ಇರುವ ಸಕಾಲ ವ್ಯವಸ್ಥೆಯಲ್ಲಿ ಹೋಗುತ್ತದೆ, ತಹಶೀಲ್ದಾರರ ಮೇಲಿನ ಉಪವಿಭಾಗಾಧಿಕಾರಿಯ ಹತ್ತಿರ. ಅರ್ಜಿ ಹಾಕಿದಾಗ ಬರುವ ಸಕಾಲ ಸಂಖ್ಯೆಯ ಚೀಟಿಯನ್ನು ದಯವಿಟ್ಟು ಬಿಸಾಡಬೇಡಿ. ಪ್ರಮಾಣಪತ್ರವನ್ನೇ ಕೊಡದೆ ಕಳಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. 2017ರ ನಿಯಮಗಳಲ್ಲಿ ಅದಕ್ಕೇ ಅಂತ 8ನೇ ನಮೂನೆ ಇದೆ. ನನ್ನ ಅಂಗಡಿಗೆ ಬಂದ ಯಾರ ಕೈಯಲ್ಲೂ ಆ ನಮೂನೆಯನ್ನು ನಾನು ಕಂಡಿಲ್ಲ. ಬೋರ್ಡಿನವರು ಅವತ್ತು ಏನೇನು ಅಳೆದರು ಅನ್ನುವ ಹಾಳೆ ಬೇಕಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು. ನಾವು ಕೇಳಿದೆವು. ಬಂದ ಹಾಳೆಯಲ್ಲಿ ಬೆನ್ನಿನ ಕಾಲಂ ಖಾಲಿ. ಸೊನ್ನೆ ಅಂತಲೂ ಇಲ್ಲ, ಖಾಲಿ.

ಮೇಲ್ಮನವಿ ಬರೆಯುವ ಹೊತ್ತಿಗೆ ನಮ್ಮ ಕಡೆಯವರೇ ಬುದ್ಧಿ ಹೇಳಲು ಶುರು ಮಾಡಿದರು. ಕಚೇರಿಯಲ್ಲಿ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ಏನಮ್ಮ, ಗೃಹಲಕ್ಷ್ಮಿ ಬರ್ತಾ ಇದೆ ಅಲ್ವಾ? ಇನ್ನೊಂದೈದಾರು ವರ್ಷ ತಡ್ಕೊಳ್ಳಿ, ಅರವತ್ತಾದ್ರೆ ವೃದ್ಧಾಪ್ಯ ವೇತನ ಮಾಡಿಸ್ಬೋದು." ಗೃಹಲಕ್ಷ್ಮಿ ಮನೆಯ ಯಜಮಾನಿಗೆ ಬರುವುದು. ಓಡಾಡುವ ಯಜಮಾನಿಗೂ ಅದೇ 2,000, ಎದ್ದು ನಿಲ್ಲಲಾಗದವಳಿಗೂ ಅದೇ 2,000. ಅಂಗವಿಕಲರ ಪಿಂಚಣಿ ಇರುವುದು ಆ ಎರಡನೆಯವಳಿಗೆ ಆಗುವ ಹೆಚ್ಚಿನ ಖರ್ಚಿಗೆ. ಕೂಲಿಯೇ ಹೋಗಿದೆ, ಅವಳ ಜೊತೆ ಆಸ್ಪತ್ರೆಗೆ ಬರುವವರ ಆ ದಿನದ ಕೂಲಿಯೂ ಹೋಗುತ್ತದೆ, ಆಟೋ ಬೇರೆ. ಇದೆಲ್ಲ ಯಾವ ಯೋಜನೆಯಲ್ಲಿ ಬರುತ್ತದೆ?

ಮೊತ್ತದ ಬಗ್ಗೆಯೂ ಒಂದು ಮಾತು. ಇಷ್ಟೆಲ್ಲ ಗುದ್ದಾಡುತ್ತಿರುವುದು ತಿಂಗಳಿಗೆ 800 ರೂಪಾಯಿಗೆ. 600 ಇದ್ದದ್ದನ್ನು 2021ರಲ್ಲಿ 800 ಮಾಡಿದರು, 40ರಿಂದ 75 ಪರ್ಸೆಂಟಿನವರಿಗೆ. ಅದೇ ದಿನ ವಯಸ್ಸಾದವರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ 1,000ದಿಂದ 1,200 ಆಯಿತು. ಈಗ 2016ರ ಕಾಯ್ದೆಯ 24ನೇ ಸೆಕ್ಷನ್ ತೆಗೆಯಿರಿ. ಬೇರೆಯವರಿಗಿರುವ ಅಂಥದ್ದೇ ಯೋಜನೆಗಿಂತ ಅಂಗವಿಕಲರಿಗೆ ಕಡೇಪಕ್ಷ ಶೇ 25 ಜಾಸ್ತಿ ಕೊಡಬೇಕು ಅಂತ ಅಲ್ಲಿದೆ. ಸರ್ಕಾರದ ಆರ್ಥಿಕ ಶಕ್ತಿಗೆ ತಕ್ಕಂತೆ ಅನ್ನುವ ಮಾತೂ ಅದೇ ಸೆಕ್ಷನ್ನಿನಲ್ಲಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ 1,200ರ ಮೇಲೆ ಶೇ 25 ಅಂದರೆ 1,500. ನಾವು 800ಕ್ಕೆ ಬಾಗಿಲು ಬಡಿಯುತ್ತಿದ್ದೇವೆ.

ನಮ್ಮೂರಿನಿಂದ ಹೊರಟು ಗಡಿ ದಾಟಿದರೆ ಆಂಧ್ರ. ಅಲ್ಲಿ 2024ರ ಜುಲೈಯಿಂದ ಅಂಗವಿಕಲರಿಗೆ ತಿಂಗಳಿಗೆ 6,000. ಅಲ್ಲೂ 2025ರಲ್ಲಿ ಸರ್ಟಿಫಿಕೇಟುಗಳ ಮರುಪರಿಶೀಲನೆ ಅಂತ ದೊಡ್ಡ ಗಲಾಟೆಯಾಯಿತು, ಅಲ್ಲೇನೂ ಸ್ವರ್ಗ ಇಲ್ಲ. ಆದರೆ ಎರಡೂ ಕಡೆ ಮದುವೆ ಸಂಬಂಧ ಇರುವ ಊರುಗಳು ನಮ್ಮವು. ಹಿಂದೂಪುರದ ಕಡೆಯ ನಂಟರು ಬಂದು "ನಿಮ್ದು ಎಷ್ಟು?" ಅಂತ ಕೇಳಿದಾಗ 800 ಅನ್ನಲು ನಾಚಿಕೆ, ಅದೂ ಬಂದಿಲ್ಲ ಅನ್ನಲು ಇನ್ನೂ ನಾಚಿಕೆ.

ಆದಾಯದ ಮಿತಿ ಬೇರೆ ಇದೆ, ವರ್ಷಕ್ಕೆ 32,000. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಆ ವರ್ಷ ಒಂದು ಮನೆಯವರು ನೂರು ದಿನ ಮಣ್ಣು ಹೊತ್ತಿದ್ದರೆ 37,000. ಅಂದರೆ ಸರ್ಕಾರ ಕೊಟ್ಟ ಕೆಲಸವನ್ನು ಪೂರ್ತಿ ಮಾಡಿದ ಮನೆ ಸರ್ಕಾರದ ಲೆಕ್ಕದಲ್ಲೇ ಪಿಂಚಣಿಗೆ ಶ್ರೀಮಂತ ಆಗಿಬಿಡುತ್ತದೆ. ಚಿಕ್ಕಮ್ಮನ ಮನೆಗೆ ಈ ತೊಂದರೆ ಬರಲಿಲ್ಲ, ಮಣ್ಣು ಹೊರಲು ಅವಳಿಂದ ಆಗುವುದಿಲ್ಲವಲ್ಲ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರಿಸುವ ವಿಷಯ. ಆ ನೀರನ್ನು ಅವಳು ಎಲ್ಲಿಂದಲೋ ಕದ್ದು ತಂದು ಕುಡಿದದ್ದಲ್ಲ. ಪಂಚಾಯಿತಿ ಕೊರೆಸಿದ ಬೋರ್‌ವೆಲ್, ಪಂಚಾಯಿತಿ ಕಟ್ಟಿಸಿದ ಟ್ಯಾಂಕು, ವಾಟರ್‌ಮ್ಯಾನ್ ತಿರುಗಿಸಿದ ವಾಲ್ವು. ನಮ್ಮ ಕಡೆ ಕೆರೆ, ತೆರೆದ ಬಾವಿ ಬತ್ತಿದ ಮೇಲೆ ಬೋರ್ ಒಂದೇ ದಿಕ್ಕಾಯಿತು. ಮುನ್ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಈಗ ಸಾವಿರ ಅಡಿ ದಾಟಿ ಹೋಗುತ್ತಾರೆ. ಅಷ್ಟು ಆಳದ ನೀರು ಗ್ರಾನೈಟ್ ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತಿರುತ್ತದೆ, ಕಲ್ಲಿನಲ್ಲಿರುವ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ಮಾನದಂಡ ಇದೆ. ಮೀರುವ ಊರುಗಳು ಬಾಗೇಪಲ್ಲಿ, ಗೌರಿಬಿದನೂರು ಕಡೆಯಿಂದ ಹಿಡಿದು ಆಚೆ ಕೋಲಾರ, ತುಮಕೂರಿನ ಪಾವಗಡದ ತನಕ ಇವೆ ಅನ್ನುವುದು ಹೊಸ ಸುದ್ದಿಯೇನಲ್ಲ. ಕಾಯಿಸಿದರೆ ಹೋಗುವಂಥದ್ದೂ ಅಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಜಾಸ್ತಿಯೇ ಆಗುತ್ತದೆ. ಆಮೇಲೆ ಶುದ್ಧ ನೀರಿನ ಘಟಕ ಬಂತು, ಕಾಯಿನ್ ಹಾಕಿ ಕ್ಯಾನ್ ತುಂಬುತ್ತೇವೆ. ಮೋಟರ್ ಕೆಟ್ಟು ನಿಂತ ದಿನಗಳಲ್ಲಿ ಮತ್ತೆ ಅದೇ ನಲ್ಲಿ. ನಮ್ಮ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆ ಆಯಿತು, ಅದರ ಬಗ್ಗೆ ಇಲ್ಲಿ ಶುರು ಮಾಡಿದರೆ ಪತ್ರ ಮುಗಿಯುವುದಿಲ್ಲ.

ನಮ್ಮೂರಿನ ಶಾಲೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ನೋಡಿ. ಅದು ಹಲ್ಲು ಉಜ್ಜದ್ದಲ್ಲ. ಚಿಕ್ಕಮ್ಮನ ಹಲ್ಲಿನ ಮೇಲೂ ಅದೇ ಗೆರೆ ಇದೆ, ಬೋರ್ಡಿನವರು "ಬಾಯಿ ತೆಗೆಯಮ್ಮ" ಅಂದಿದ್ದರೂ ಅರ್ಧ ಕಥೆ ಗೊತ್ತಾಗುತ್ತಿತ್ತು.

1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇತ್ತು, 2016ರಲ್ಲಿ 21 ಆಯಿತು. ಆಸಿಡ್ ದಾಳಿಗೆ ಒಳಗಾದವರು ಸೇರಿದರು, ತಲಸ್ಸೇಮಿಯಾ ಸೇರಿತು, ಪಾರ್ಕಿನ್ಸನ್ ಸೇರಿತು. ಒಳ್ಳೆಯದೇ. ಫ್ಲೋರೋಸಿಸ್ ಅನ್ನುವ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ. ಹೆಸರಿಲ್ಲದ ಮೇಲೆ ಅದು ಚಲನೆಯ ಅಂಗವಿಕಲತೆಯ ಲೆಕ್ಕದಲ್ಲೇ ಬರಬೇಕು. ಆ ಲೆಕ್ಕದಲ್ಲಿ ಡಾಕ್ಟರ ಕಣ್ಣು ಮೊದಲು ಹುಡುಕುವುದು ಇಲ್ಲದ ಕಾಲು, ಸಣ್ಣಗಾದ ಕೈ, ಪೋಲಿಯೋ. ಎಲ್ಲ ಅಂಗವೂ ಇದ್ದು ಯಾವುದೂ ಬಾಗದೇ ಇರುವ ಮನುಷ್ಯರು ಅವರಿಗೆ ಸುಮ್ನೆ ವಯಸ್ಸಾದವರ ಹಾಗೆ ಕಾಣುತ್ತಾರೆ. ನನ್ನ ಅಂಗಡಿಗೆ ಬರುವ ತಿರಸ್ಕಾರಗಳಲ್ಲಿ ಚಿಕ್ಕಮ್ಮನಂಥವರು ಇನ್ನೂ ಇದ್ದಾರೆ. ಅವರ ಹೆಸರು ಇಲ್ಲಿ ಹಾಕುವುದಿಲ್ಲ, ಹಾಕಿದರೆ ನಾಳೆ ಅವರ ರೇಷನ್ ಕಾರ್ಡಿಗೂ ಏನಾದರೂ ಆಗುತ್ತದೆ ಅಂತ ಅವರಿಗೆ ಭಯ. ಆ ಭಯ ಎಲ್ಲಿಂದ ಬಂತು ಅಂತ ನೀವೇ ಯೋಚಿಸಿ.

ನಾವು ಕೇಳುತ್ತಿರುವುದು ಕನಿಕರ ಅಲ್ಲ. 40 ಕೊಡಿ ಅಂತಲೂ ಅಲ್ಲ. ಬೆನ್ನು, ಕುತ್ತಿಗೆ, ಭುಜ ಮೂರನ್ನೂ ಅಳೆಯಿರಿ, ಎಕ್ಸ್‌ರೇ ನೋಡಿ, ಸೂತ್ರದ ಪ್ರಕಾರ ಕೂಡಿಸಿ, ಬಂದದ್ದನ್ನು ಬರೆಯಿರಿ. ಅಳೆದ ಮೇಲೂ 40 ಬರದಿದ್ದರೆ ಯಾವುದಕ್ಕೆ ಎಷ್ಟು ಅಂತ ಕನ್ನಡದಲ್ಲಿ ಬರೆದು ಕೊಡಿ, ನಾವು ಸುಮ್ಮನಾಗುತ್ತೇವೆ. ಕಂದಾಯದವರು ಅಲ್ಲಿಯ ತನಕ ನಮ್ಮ ಅರ್ಜಿಯನ್ನು ಮುಚ್ಚದೆ ಬಾಕಿ ಇಡಲಿ. ಆಯುಕ್ತರೇ, ನಿಮಗೆ ಸಿವಿಲ್ ಕೋರ್ಟಿನ ಹಾಗೆ ಸಾಕ್ಷಿ ಕರೆಸುವ, ದಾಖಲೆ ತರಿಸುವ ಅಧಿಕಾರವನ್ನು ಇದೇ ಕಾಯ್ದೆಯ 82ನೇ ಸೆಕ್ಷನ್ ಕೊಟ್ಟಿದೆ. ಫ್ಲೋರೈಡ್ ಮೀರಿದ ಊರುಗಳ ಪಟ್ಟಿ ಒಂದು ಇಲಾಖೆಯಲ್ಲಿದೆ, 40ಕ್ಕಿಂತ ಕಡಿಮೆ ಬಂದವರ ಪಟ್ಟಿ ಇನ್ನೊಂದು ಇಲಾಖೆಯಲ್ಲಿದೆ. ಎರಡನ್ನೂ ತರಿಸಿ ಒಂದು ಮೇಜಿನ ಮೇಲೆ ಇಟ್ಟು ನೋಡಿ, ಆ ಊರುಗಳಿಗೆ ಎಕ್ಸ್‌ರೇ ಸಮೇತ ಒಂದು ಕ್ಯಾಂಪ್ ಹಾಕಿಸಿ.

ಎರಡೂ ಮೇಲ್ಮನವಿ ಸಲ್ಲಿಸಿಯಾಗಿದೆ, ಸ್ವೀಕೃತಿ ನಮ್ಮ ಹತ್ತಿರ ಇದೆ. ಮರುತಪಾಸಣೆಯ ದಿನ ಒಂದು ವಾರ ಮುಂಚೆ ತಿಳಿಸಿ, ಚಿಕ್ಕಮ್ಮನ ಮಗ ಕೆಲಸಕ್ಕೆ ರಜೆ ಹೇಳಬೇಕು. ಇನ್ನೊಂದು ವಿಷಯ, ಹೋದಸಲ ಬೋರ್ಡ್ ಕೂತದ್ದು ಮೇಲಿನ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ಈ ಸಲ ಕೆಳಗಡೆ ಕೂರಿ.

ಇಂತಿ,
ಚಿಕ್ಕಬಳ್ಳಾಪುರ ಜಿಲ್ಲೆಯ ಗಡಿ ಊರಿನ ಜೆರಾಕ್ಸ್ ಅಂಗಡಿಯವನು